ಸ್ತುತಿಗೆ ಯಾವ ಧಾಟಿ?

ತರೀಕೆರೆಗೆ ನೆರೆಯ ಕಡೂರು ತಾಲ್ಲೂಕಿನಲ್ಲಿ ದೇವನೂರು ಎಂಬ ಊರಿದೆ. ‘ಜೈಮಿನಿ ಭಾರತ’ದ ಕವಿ ಲಕ್ಷ್ಮೀಶನ ಊರು ಇದೇ ಎಂಬುದು ಪ್ರಸಿದ್ಧವಾದ ಮಾತು. ಅಲ್ಲಿಯ ಲಕ್ಷ್ಮೀಕಾಂತ ಸ್ವಾಮಿ ಆತನ ಇಷ್ಟದೈವ. ಕುಮಾರವ್ಯಾಸನ ಭಾರತದಂತೆಯೇ ಜೈಮಿನಿಯೂ ಓದುಬರಹ ಬಲ್ಲವರ ಮನೆಯಿಂದ ಹಿಡಿದು ಅಕ್ಷರ ಅರಿಯದವರ ಜಗುಲಿಯವರೆಗೆ ಎಲ್ಲ ಕಡೆ ಕೇಳಿಬರುತ್ತಿದ್ದ ಕಾವ್ಯ. ಒಬ್ಬರು ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು, ಉಳಿದವರು ಕೂತು ತಲೆದೂಗುವುದು. ಈ ಪದ್ಧತಿಯಿಂದಾಗಿಯೇ ಲಕ್ಷ್ಮೀಶನ ವಾರ್ಧಕ ಷಟ್ಪದಿ ಕನ್ನಡಿಗರ ಕಿವಿಯಲ್ಲಿ ನೆಲೆಸಿತು.

ಈ ಕಾವ್ಯವನ್ನು ತಾಳೆಗರಿಯಿಂದ ಅಚ್ಚಿನ ಪುಟಕ್ಕೆ ತಂದವರಲ್ಲಿ ಮೊದಲಿಗರು ಇಬ್ಬರು ಕ್ರೈಸ್ತ ಪಾದ್ರಿಗಳೆಂಬುದು ಕುತೂಹಲದ ಸಂಗತಿ. ಮಂಗಳೂರಿನ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1848ರಲ್ಲಿ ಆರಂಭವಾದ ತಮ್ಮ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಜೈಮಿನಿ ಭಾರತವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಬೆಂಗಳೂರಿನ ವೆಸ್ಲಿಯನ್ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್ 1852ರಲ್ಲಿ ಇಂಗ್ಲಿಷ್ ಅನುವಾದ ಮತ್ತು ಟಿಪ್ಪಣಿಗಳೊಡನೆ ಅದನ್ನು ಹೊರತಂದರು. ಕ್ರಿಸ್ತನ ಸುವಾರ್ತೆ ಸಾರಲು ಹಡಗು ಹತ್ತಿ ಬಂದವರಿಗೆ ಪಾಂಡವರ ಅಶ್ವಮೇಧದ ಕಥೆಯಿಂದ ಏನಾಗಬೇಕಿತ್ತು? ಭಾಷೆ ಕಲಿಯುವುದು, ಜನರ ಮನಸ್ಸನ್ನು ಅರಿಯುವುದು ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ಆದರೆ ಅವರ ಮುಂದೆ ಇನ್ನೂ ಒಂದು ಪ್ರಶ್ನೆಯಿತ್ತು. ಕನ್ನಡಿಗನೊಬ್ಬ ಕ್ರೈಸ್ತನಾದರೆ ಆತ ದೇವರನ್ನು ಯಾವ ಮಾತಿನಲ್ಲಿ, ಯಾವ ಧಾಟಿಯಲ್ಲಿ, ಯಾವ ಸಂತೋಷದಿಂದ ಹಾಡಿ ಹೊಗಳಬೇಕು?

ಹಾಡಿಲ್ಲದ ಆರಾಧನೆಯಿಲ್ಲ

ಕ್ರೈಸ್ತ ಧರ್ಮದಲ್ಲಿ ಹಾಡು ಪೂಜೆಗೆ ಸೇರಿಸಿದ ಅಲಂಕಾರವಲ್ಲ, ಪೂಜೆಯ ಒಂದು ಅಂಗ. ಯೆಹೂದ್ಯರಿಂದ ಕ್ರೈಸ್ತರಿಗೆ ಬಳುವಳಿಯಾಗಿ ಬಂದ 150 ಭಕ್ತಿಗೀತೆಗಳ ಸಂಕಲನವೊಂದು ಬೈಬಲಿನ ನಡುಭಾಗದಲ್ಲಿದೆ. ಹೀಬ್ರೂ ಭಾಷೆಯಲ್ಲಿ ಅದರ ಹೆಸರು ‘ತೆಹಿಲ್ಲಿಮ್’, ಎಂದರೆ ಸ್ತುತಿಗಳು. ಲೋಕದ ಎಲ್ಲ ಕ್ರೈಸ್ತರೂ ಅನುವಾದ ಮಾಡದೆ ಬಳಸುವ ‘ಹಲ್ಲೆಲೂಯಾ’ ಎಂಬ ಪದವೂ ಅದೇ ಧಾತುವಿನಿಂದ ಬಂದದ್ದು. ದೇವರನ್ನು ಸ್ತುತಿಸಿರಿ ಎಂಬುದು ಅದರ ಅರ್ಥ.

ಕನ್ನಡ ಬೈಬಲು ಈ ಗೀತೆಗಳಿಗೆ ಇಟ್ಟ ಹೆಸರು ‘ಕೀರ್ತನೆಗಳು’. ಪುರಂದರದಾಸರ, ಕನಕದಾಸರ ಪದಗಳಿಗೆ ಸಲ್ಲುವ ಹೆಸರೇ ದಾವೀದರಾಜನ ಹೆಸರಿನಲ್ಲಿ ಪ್ರಸಿದ್ಧವಾದ ಹಾಡುಗಳಿಗೂ ಸಂದಿತು. ಕೊನೆಯ ಕೀರ್ತನೆಯಲ್ಲಿ ವಾದ್ಯಗಳ ಒಂದು ಮೆರವಣಿಗೆಯೇ ಇದೆ. ಕೊಂಬು, ತಂತಿವಾದ್ಯ, ಕೊಳಲು, ತಾಳ ಎಲ್ಲವನ್ನೂ ಬಾರಿಸಿ, ಕುಣಿದು ದೇವರನ್ನು ಕೊಂಡಾಡಬೇಕೆಂಬ ಕರೆ ಅದರಲ್ಲಿದೆ. ಪ್ಯಾಲೆಸ್ತೀನಿನ ಆ ವಾದ್ಯಗಳನ್ನು ಕನ್ನಡಕ್ಕೆ ತರುವಾಗ ಅನುವಾದಕರು ಕಿನ್ನರಿ, ಸ್ವರಮಂಡಲ, ದಮ್ಮಡಿ ಎಂಬ ಪದಗಳನ್ನು ಹುಡುಕಿದರು. ಕಿನ್ನರಿ ನುಡಿಸುತ್ತಿದ್ದುದರಿಂದಲೇ ಹೆಸರಾದ ಶರಣ ಕಿನ್ನರಿ ಬೊಮ್ಮಯ್ಯನನ್ನು ಬಲ್ಲ ನಾಡಿಗೆ ಇದು ಹೊರಗಿನ ಮಾತಾಗಿ ಕೇಳಿಸಲಾರದು.

ಈ ಹರ್ಷವನ್ನು ಸುಖಜೀವನದ ಫಲವೆಂದು ತಿಳಿಯಬಾರದು. ಅದೇ 150 ಕೀರ್ತನೆಗಳಲ್ಲಿ ಗಣನೀಯವಾದ ಭಾಗ ಗೋಳಿನ ಹಾಡುಗಳೇ. ಬಾಬಿಲೋನಿಗೆ ಸೆರೆಹೋದವರು ತಮ್ಮ ಕಿನ್ನರಿಗಳನ್ನು ಹೊಳೆಯ ದಡದ ಮರಗಳಿಗೆ ತೂಗುಹಾಕಿ, ಪರದೇಶದಲ್ಲಿ ಹಾಡುವುದೆಂತು ಎಂದು ಕೊರಗುವ ಕೀರ್ತನೆಯೂ ಅವುಗಳಲ್ಲಿದೆ. ಶಿಲುಬೆಗೇರುವ ಹಿಂದಿನ ರಾತ್ರಿ, ಕಡೆಯ ಊಟ ಮುಗಿಸಿದ ಯೇಸು ಮತ್ತು ಶಿಷ್ಯರು ಹಾಡಿಯೇ ಎದ್ದು ಹೋದರೆಂದು ಸುವಾರ್ತೆ ಹೇಳುತ್ತದೆ. ಫಿಲಿಪ್ಪಿ ಎಂಬ ಪಟ್ಟಣದಲ್ಲಿ ಛಡಿಯೇಟು ತಿಂದು, ಕಾಲಿಗೆ ಕೋಳ ಬಿದ್ದು ಸೆರೆಮನೆಯಲ್ಲಿದ್ದ ಪೌಲ ಮತ್ತು ಸೀಲರು ನಡುರಾತ್ರಿಯಲ್ಲಿ ಹಾಡುತ್ತಿದ್ದರು. ಅದೇ ಪಟ್ಟಣದ ಕ್ರೈಸ್ತರಿಗೆ ಪೌಲ ಮುಂದೊಮ್ಮೆ ಬರೆದ ಪತ್ರದಲ್ಲಿ ಸಂತೋಷದ ಮಾತು ಮತ್ತೆ ಮತ್ತೆ ಬರುತ್ತದೆ. ಆ ಪತ್ರವನ್ನು ಬರೆದಾಗಲೂ ಆತ ಸೆರೆಯಲ್ಲಿಯೇ ಇದ್ದ.

ಆದ್ದರಿಂದ ಕ್ರೈಸ್ತ ಸ್ತುತಿಯ ಹರ್ಷವೆಂದರೆ ಎಲ್ಲವೂ ಚೆನ್ನಾಗಿದೆ ಎಂಬ ಘೋಷಣೆಯಲ್ಲ. ಚೆನ್ನಾಗಿಲ್ಲದಿರುವಾಗಲೂ ದೇವರು ಕೈಬಿಟ್ಟಿಲ್ಲ ಎಂಬ ನಂಬಿಕೆಗೆ ಕೊಡುವ ದನಿ ಅದು. ಕ್ರೈಸ್ತರ ಮುಖ್ಯ ಆರಾಧನೆಗೆ ಗ್ರೀಕ್ ಮೂಲದಿಂದ ಬಂದ ‘ಯೂಕರಿಸ್ತ್’ ಎಂಬ ಹೆಸರಿಗೂ ಕೃತಜ್ಞತೆಯ ಅರ್ಪಣೆ ಎಂದೇ ಅರ್ಥ. ಕ್ರಿಸ್ಮಸ್ಸಿನಲ್ಲಿ ಮನೆಮನೆಗೆ ಹೋಗಿ ಹಾಡುವ ಗುಂಪೇ ಶವಪೆಟ್ಟಿಗೆಯ ಮುಂದೆಯೂ ನಿಂತು ಹಾಡುವುದಕ್ಕೆ ಇದೇ ಕಾರಣ.

ದಿನ ದೀನವಾದಾಗ

ಇಂಥ ಸ್ತುತಿ ಒಳಗಿನಿಂದ ಬರಬೇಕಾದರೆ ಭಾಷೆ ಒಳಗಿನದಾಗಿರಬೇಕು. ಯುರೋಪಿನ ಕ್ರೈಸ್ತರು ಈ ಪಾಠವನ್ನು ಸ್ವತಃ ಕಲಿತದ್ದು 16ನೇ ಶತಮಾನದಲ್ಲಿ. ಅದಕ್ಕೆ ಮುಂಚೆ ಚರ್ಚಿನಲ್ಲಿ ಹಾಡುತ್ತಿದ್ದವರು ಹೆಚ್ಚಾಗಿ ಪಾದ್ರಿಗಳು ಮತ್ತು ಗಾಯಕವೃಂದದವರು. ಭಾಷೆ ಲ್ಯಾಟಿನ್. ಮಾರ್ಟಿನ್ ಲೂಥರ್ ಜರ್ಮನ್ ಆಡುಮಾತಿನಲ್ಲಿ ಗೀತೆಗಳನ್ನು ಬರೆದ. 1524ರಲ್ಲಿ ಅಚ್ಚಾದ ಆ ಪಂಥದ ಮೊದಲ ಹಾಡಿನ ಪುಸ್ತಕದಲ್ಲಿದ್ದುದು ಎಂಟೇ ಹಾಡುಗಳು. ಆದರೂ ಹಾಡು ಸಭೆಯ ಬಾಯಿಗೆ ಬಂತು. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿಯ ತಮ್ಮ ಚಾರ್ಲ್ಸ್ ವೆಸ್ಲಿ ಆರು ಸಾವಿರಕ್ಕೂ ಹೆಚ್ಚು ಗೀತೆಗಳನ್ನು ಬರೆದ. ಅರೆನಿದ್ದೆಯಲ್ಲಿರುವವರಂತೆ ಗೊಣಗದೆ ಗಂಟಲು ಬಿಚ್ಚಿ ಹಾಡಬೇಕು, ಆದರೆ ಪಕ್ಕದವನ ದನಿಯನ್ನು ಮುಳುಗಿಸುವಂತೆ ಅರಚಬಾರದು ಎಂದು ಜಾನ್ ವೆಸ್ಲಿ ಹಾಡುಗಾರರಿಗೆ ನಿಯಮಗಳನ್ನೇ ಬರೆದಿಟ್ಟ.

ಕನ್ನಡ ನಾಡಿಗೆ ಬಂದ ಪ್ರೊಟೆಸ್ಟೆಂಟ್ ಮಿಷನ್ನುಗಳಲ್ಲಿ ಎರಡು ಮುಖ್ಯವಾದವು ಈ ಎರಡು ಪರಂಪರೆಗಳ ವಾರಸುದಾರರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜರ್ಮನ್ ಗೀತೆಗಳನ್ನು ತಂದರು. ಮೈಸೂರು ಸಂಸ್ಥಾನದಲ್ಲಿ ನೆಲೆಸಿದ ವೆಸ್ಲಿಯನ್ನರು ಇಂಗ್ಲಿಷ್ ಗೀತೆಗಳನ್ನು ತಂದರು. ಆಗ ಕಡೂರು ಜಿಲ್ಲೆಗೆ ಸೇರಿದ್ದ ತರೀಕೆರೆಯೂ ಈ ಸಂಸ್ಥಾನದ ಊರೇ. (ಜಿಲ್ಲೆಗೆ ಚಿಕ್ಕಮಗಳೂರು ಎಂಬ ಹೆಸರು ಬಂದದ್ದು 1947ರಲ್ಲಿ.) ಮಾತನ್ನು ಕನ್ನಡಕ್ಕೆ ತಿರುಗಿಸಿ, ಧಾಟಿಯನ್ನು ಹಾಗೆಯೇ ಉಳಿಸಿಕೊಳ್ಳುವುದು ಸುಲಭದ ದಾರಿಯೆನಿಸಿತು. ತೊಡಕು ಹುಟ್ಟಿದ್ದೂ ಅಲ್ಲಿಯೇ.

ಇಂಗ್ಲಿಷ್, ಜರ್ಮನ್ ಪದ್ಯಗಳು ನಡೆಯುವುದು ಒತ್ತಿನ ಮೇಲೆ. ಒಂದು ಅಕ್ಷರವನ್ನು ಒತ್ತಿ ಹೇಳಿ, ಮುಂದಿನದನ್ನು ಹಗುರವಾಗಿ ಬಿಡುತ್ತಾರೆ. ಕನ್ನಡ ಪದ್ಯದ ಲೆಕ್ಕ ಬೇರೆ. ಹ್ರಸ್ವವಾದರೆ ಒಂದು ಮಾತ್ರೆ, ದೀರ್ಘವಾದರೆ ಎರಡು ಮಾತ್ರೆ. ಹ್ರಸ್ವ ದೀರ್ಘಗಳು ಅದಲುಬದಲಾದರೆ ಕೆಡುವುದು ಲಯವಷ್ಟೇ ಅಲ್ಲ, ಅರ್ಥವೂ ಕೂಡ. ಪರಕೀಯ ಧಾಟಿ ಎಳೆಯಬೇಕೆಂದು ಹೇಳುವ ಜಾಗದಲ್ಲಿ ‘ದಿನ’ ಎಂಬ ಪದ ಬಿದ್ದರೆ ಅದು ‘ದೀನ’ವಾಗುತ್ತದೆ, ‘ಬಿಡು’ ಎಂಬುದು ‘ಬೀಡು’ ಆಗುತ್ತದೆ. ಭಕ್ತನ ಬಾಯಿ ಒಂದು ಹೇಳುತ್ತಿರುತ್ತದೆ, ಕಿವಿ ಇನ್ನೊಂದನ್ನು ಕೇಳುತ್ತಿರುತ್ತದೆ. ಎರಡನೆಯ ಅಕ್ಷರದ ಪ್ರಾಸಕ್ಕೆ ಒಗ್ಗಿದ ಕಿವಿಗೆ ಸಾಲಿನ ಕೊನೆಯಲ್ಲಿ ಮಾತ್ರ ಬರುವ ಅಂತ್ಯಪ್ರಾಸವೂ ಹೊಸದು. ಹಾಡು ಪುಸ್ತಕದಲ್ಲಿ ಕನ್ನಡವಾಗಿದ್ದರೂ ಗಂಟಲಿನಲ್ಲಿ ಇನ್ನೂ ಕನ್ನಡವಾಗಿರುವುದಿಲ್ಲ.

ಮೋಗ್ಲಿಂಗ್ ಜೈಮಿನಿಯನ್ನು ಮಾತ್ರ ಅಚ್ಚು ಹಾಕಲಿಲ್ಲ. ಬಾಯಿಂದ ಬಾಯಿಗೆ ಹರಿದು ಬರುತ್ತಿದ್ದ ಹರಿದಾಸರ ಹಾಡುಗಳನ್ನು ಕೂಡಿಸಿ 1850ರಲ್ಲಿ ‘ದಾಸರ ಪದಗಳು’ ಎಂದು ಪ್ರಕಟಿಸಿದರು. ಆ ಹಾಡುಗಳು ಪುಸ್ತಕವಾದದ್ದು ಅದೇ ಮೊದಲು. ಜನಸಾಮಾನ್ಯರ ಭಕ್ತಿ ಕನ್ನಡದಲ್ಲಿ ಯಾವ ಅಳತೆಯಲ್ಲಿ ಉಸಿರಾಡುತ್ತದೆ ಎಂಬುದು ಇಂಥ ಕೆಲಸಗಳಿಂದ ಪಾದ್ರಿಗಳಿಗೆ ಗೊತ್ತಾಗುತ್ತ ಬಂತು.

ಅದನ್ನು ಕೃತಿಯಲ್ಲಿ ತೋರಿಸಿದವರು 1853ರಲ್ಲಿ ಕನ್ನಡ ನಾಡಿಗೆ ಬಂದ ಫರ್ಡಿನೆಂಡ್ ಕಿಟೆಲ್. 1894ರ ಮಹಾನಿಘಂಟಿನಿಂದಾಗಿ ಕನ್ನಡಿಗರ ಮನೆಮಾತಾದ ಇವರು ಅದಕ್ಕೆ ಮೂರು ದಶಕ ಮೊದಲೇ, 1862ರಲ್ಲಿ, ‘ಕಥಾಮಾಲೆ’ ಎಂಬ ಕಾವ್ಯ ಬರೆದರು. ಅದರ ವಸ್ತು ಯೇಸುಕ್ರಿಸ್ತನ ಜೀವನ. ಛಂದಸ್ಸು ಮಾತ್ರ ಕನ್ನಡದ್ದೇ, ಷಟ್ಪದಿಯ ಮನೆತನದ್ದು. ಬೆತ್ಲೆಹೇಮಿನ ಕಥೆ ದೇವನೂರಿನ ಜಗುಲಿಯಲ್ಲಿ ಕೂತು ಓದಬಹುದಾದ ನಡಿಗೆಯಲ್ಲಿ ಬಂತು. ಕಿಟೆಲ್ ಅಷ್ಟಕ್ಕೆ ನಿಲ್ಲಲಿಲ್ಲ. ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿ 1875ರಲ್ಲಿ ಪ್ರಕಟಿಸಿದರು. ಒಂದು ಜನ ಹೇಗೆ ಹಾಡುತ್ತದೆ ಎಂದು ತಿಳಿಯದೆ ಆ ಜನಕ್ಕೆ ಹಾಡು ಕೊಡಲಾಗದು ಎಂಬುದನ್ನು ಅವರ ಈ ದುಡಿಮೆಯೇ ಹೇಳುತ್ತದೆ.

ಹಾಗೆಂದು ‘ಕಥಾಮಾಲೆ’ ಚರ್ಚಿನ ದಿನಬಳಕೆಯ ಹಾಡಾಗಿ ನಿಲ್ಲಲಿಲ್ಲ. ಭಾನುವಾರದ ಆರಾಧನೆಯಲ್ಲಿ ಪಾಶ್ಚಾತ್ಯ ಧಾಟಿಗಳ ಅನುವಾದಗೀತೆಗಳೇ ಬಹುಕಾಲ ಮುಂದುವರಿದವು. ತಲೆಮಾರುಗಳು ಹಾಡಿ ಹಾಡಿ ಅವುಗಳಲ್ಲಿ ಹಲವು ಕನ್ನಡ ಕ್ರೈಸ್ತರ ಸ್ವಂತದ್ದೂ ಆದವು. ಅವುಗಳ ಪಕ್ಕದಲ್ಲಿಯೇ ಕನ್ನಡ ರಾಗತಾಳಗಳ ಭಜನೆಗಳು, ಕೀರ್ತನೆಗಳು ಬೆಳೆದವು.

ಓವಿಯಿಂದ ಕನ್ನಡ ಪೂಜೆಗೆ

ಕಥೋಲಿಕರ ಕಥೆ ಬೇರೊಂದು ದಾರಿಯಲ್ಲಿ ಸಾಗಿತು. ಅವರ ಬಲಿಪೂಜೆ 20ನೇ ಶತಮಾನದ ನಡುಭಾಗದವರೆಗೂ ಲ್ಯಾಟಿನ್ನಿನಲ್ಲಿಯೇ ನಡೆಯುತ್ತಿತ್ತು. ಆದರೆ ಪೂಜೆಯ ಹೊರಗೆ, ಮನೆ ಮತ್ತು ಹಬ್ಬಗಳಲ್ಲಿ, ಜನರ ಭಾಷೆಗೆ ಮೊದಲಿನಿಂದಲೂ ಎಡೆಯಿತ್ತು. ಗೋವೆಯಲ್ಲಿದ್ದ ಇಂಗ್ಲಿಷ್ ಜೆಸ್ವಿತ್ ಪಾದ್ರಿ ಥಾಮಸ್ ಸ್ಟೀಫನ್ಸ್ ಮರಾಠಿ ಓವಿ ಛಂದಸ್ಸಿನಲ್ಲಿ ‘ಕ್ರಿಸ್ತಪುರಾಣ’ ಬರೆದು 1616ರಲ್ಲಿ ಅಚ್ಚು ಮಾಡಿಸಿದ. ಸುಮಾರು 11,000 ಓವಿಗಳ ಈ ಕಾವ್ಯವನ್ನು ಕೊಂಕಣಿ ಕ್ರೈಸ್ತರು ಕರಾವಳಿಗೆ ವಲಸೆ ಬಂದಾಗ ಜೊತೆಗೆ ತಂದರು. 1784ರಿಂದ 1799ರವರೆಗೆ ಶ್ರೀರಂಗಪಟ್ಟಣದಲ್ಲಿ ಸೆರೆಯಲ್ಲಿದ್ದ ಕಾಲದಲ್ಲಿ ಇದರ ಓದು ಅವರಿಗೆ ಆಸರೆಯಾಗಿತ್ತೆಂಬುದು ಆ ಸಮುದಾಯದಲ್ಲಿ ಉಳಿದುಬಂದ ಮಾತು. ಫಿಲಿಪ್ಪಿಯ ಸೆರೆಮನೆಯ ಹಾಡಿಗೆ ಇದು ನಮ್ಮ ನೆಲದ ಸೋದರ. 1907ರಲ್ಲಿ ಈ ಪುರಾಣ ಮಂಗಳೂರಿನಲ್ಲಿ ಮತ್ತೆ ಮುದ್ರಣ ಕಂಡಿತು.

ಕಾಫಿ ತೋಟಗಳ ಜೊತೆಗೆ ಕರಾವಳಿಯ ಕೊಂಕಣಿ ಕುಟುಂಬಗಳು ಘಟ್ಟ ಹತ್ತಿ ಬಂದವು. ತಮಿಳು ಮಾತಾಡುವ ಕೂಲಿಕಾರರೂ ಬಂದರು. ಹೀಗಾಗಿ ಮಲೆನಾಡಿನ ಇಗರ್ಜಿಗಳಲ್ಲಿ ಒಂದೇ ಸೂರಿನಡಿ ಕನ್ನಡ, ಕೊಂಕಣಿ, ತಮಿಳು ಮೂರೂ ಕೇಳುವುದು ಸಾಮಾನ್ಯವಾಯಿತು. ಸೆಪ್ಟೆಂಬರ್ 8ರಂದು ಬರುವ ಮೇರಿಯಮ್ಮನ ಜನ್ಮದಿನ ಕೊಂಕಣಿ ಕ್ರೈಸ್ತರಿಗೆ ತೆನೆಹಬ್ಬವೂ ಹೌದು. ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಹಾಡುತ್ತ ಮಾತೆಗೆ ಅರ್ಪಿಸುತ್ತಾರೆ. ಪಾದ್ರಿ ಮಂತ್ರಿಸಿಕೊಟ್ಟ ಹೊಸ ಭತ್ತದ ತೆನೆಯನ್ನು ಮನೆಗೆ ಒಯ್ದು, ಅದರ ಅಕ್ಕಿಯನ್ನು ಹಾಲು ಅಥವಾ ಪಾಯಸದಲ್ಲಿ ಬೆರೆಸಿ ಮನೆಮಂದಿಯೆಲ್ಲ ಹಂಚಿಕೊಳ್ಳುತ್ತಾರೆ. ಆ ದಿನ ಸಸ್ಯಾಹಾರದ ಊಟ. ಹೊಸ ಬೆಳೆಗೆ ದೇವರನ್ನು ನೆನೆಯುವ ಮಲೆನಾಡಿನ ಇತರ ಮನೆಗಳ ಹಬ್ಬಕ್ಕೂ ಇದಕ್ಕೂ ನಡುವೆ ಬೇಲಿ ತೀರ ತೆಳು.

ಪೂಜೆಯ ಒಳಗೆ ಜನರ ಭಾಷೆ ಬಂದದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯಿಂದ. ಆರಾಧನೆಯಲ್ಲಿ ಆಡುಭಾಷೆಗೆ ಅವಕಾಶ ಕೊಟ್ಟ ಅದರ ಶಾಸನ ಹೊರಬಿದ್ದದ್ದು 1963ರ ಡಿಸೆಂಬರ್ 4ರಂದು. ಅದೇ ವರ್ಷ ಮೈಸೂರಿನಿಂದ ಬೇರ್ಪಟ್ಟು ಚಿಕ್ಕಮಗಳೂರು ಧರ್ಮಪ್ರಾಂತ್ಯ ಹುಟ್ಟಿತು. ತರೀಕೆರೆ ಸೀಮೆಯ ಕಥೋಲಿಕರು ಈ ಪ್ರಾಂತ್ಯಕ್ಕೆ ಸೇರಿದವರು. ಪ್ರಾಂತ್ಯಕ್ಕೂ ಕನ್ನಡ ಪೂಜೆಗೂ ಹೀಗೆ ಹೆಚ್ಚುಕಡಿಮೆ ಒಂದೇ ವಯಸ್ಸು. 1967ರಲ್ಲಿ ಬೆಂಗಳೂರಿನಲ್ಲಿ ಬೈಬಲ್, ಧರ್ಮೋಪದೇಶ ಮತ್ತು ಆರಾಧನೆಗಾಗಿ ರಾಷ್ಟ್ರೀಯ ಕೇಂದ್ರವೊಂದು ಪ್ರಾರಂಭವಾಯಿತು. 1969ರಲ್ಲಿ ರೋಮ್ ಭಾರತದ ಆರಾಧನೆಗೆ 12 ಮಾರ್ಪಾಟುಗಳನ್ನು ಒಪ್ಪಿತು. ನೆಲದ ಮೇಲೆ ಕೂರುವುದು, ಕೈಮುಗಿದು ನಮಿಸುವುದು, ದೀಪ ಬೆಳಗುವುದು, ಆರತಿ ಎತ್ತುವುದು ಇವೆಲ್ಲ ಅವುಗಳಲ್ಲಿ ಸೇರಿದ್ದವು. ಇದು ಹಿಂದೂ ಆಚರಣೆಯ ಅನುಕರಣೆಯೆಂದು ಆಕ್ಷೇಪಿಸಿದ ಕ್ರೈಸ್ತರೂ ಇದ್ದರು, ಬಹುಕಾಲದಿಂದ ಕಳೆದುಕೊಂಡಿದ್ದುದು ಮರಳಿ ಬಂತೆಂದು ಸಂತೋಷಪಟ್ಟವರೂ ಇದ್ದರು. ಪೂಜೆ ಯಾವ ಭಾಷೆಯಲ್ಲಿ ನಡೆಯಬೇಕೆಂಬುದು ಬೆಂಗಳೂರಿನ ಚರ್ಚುಗಳಲ್ಲಿ ದೀರ್ಘ ವಿವಾದವಾಯಿತು. ದೇವರಿಗೆ ಎಲ್ಲ ಭಾಷೆಯೂ ತಿಳಿಯುತ್ತದೆ ನಿಜ. ಹಾಡುವವನಿಗೆ ಮಾತ್ರ ತನ್ನದೇ ಬೇಕು.

ಗಂಗಾಮೂಲದ ಮಗಳು

ಈ ಮಾತನ್ನು ಅತ್ಯಂತ ಸ್ಪಷ್ಟವಾಗಿ ಕಂಡುಕೊಂಡವರಲ್ಲಿ ಒಬ್ಬರು ಇದೇ ಘಟ್ಟಸಾಲಿನಲ್ಲಿ ಹುಟ್ಟಿದ ಹೆಣ್ಣುಮಗಳು. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಅಣೆಕಟ್ಟಿಗೆ ಸಿಕ್ಕುವ ಭದ್ರಾ ನದಿ ಹುಟ್ಟುವುದು ಗಂಗಾಮೂಲದಲ್ಲಿ. ಆ ಕಾಡಿನಲ್ಲಿ 1858ರಲ್ಲಿ ಪಂಡಿತಾ ರಮಾಬಾಯಿ ಹುಟ್ಟಿದರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಸ್ವಜನರ ವಿರೋಧ ಕಟ್ಟಿಕೊಂಡ ಅನಂತಶಾಸ್ತ್ರಿ ಡೋಂಗ್ರೆ ಆಕೆಯ ತಂದೆ. ಮಗು ಎಳೆಯದಿರುವಾಗಲೇ ಕುಟುಂಬ ತೀರ್ಥಯಾತ್ರೆ ಹೊರಟಿತು. ದೇವಸ್ಥಾನಗಳಲ್ಲಿ ಪುರಾಣ ಓದುವುದೇ ಅವರ ಜೀವನೋಪಾಯ. 1870ರ ದಶಕದ ಬರಗಾಲದಲ್ಲಿ ತಂದೆ ತಾಯಿ ಇಬ್ಬರೂ ಹಸಿವಿಗೆ ಬಲಿಯಾದರು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಆಕೆಗೆ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. 1883ರಲ್ಲಿ ಇಂಗ್ಲೆಂಡಿನಲ್ಲಿ ಅವರು ಕ್ರೈಸ್ತ ದೀಕ್ಷೆ ಪಡೆದರು. 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಆಮೇಲೆ ಪುಣೆಯ ಬಳಿಯ ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್ ಬೆಳೆಸಿ, ಬರಗಾಲದಲ್ಲಿ ದಿಕ್ಕಿಲ್ಲದಾದ ಹೆಣ್ಣುಮಕ್ಕಳನ್ನು ತಂದು ಸಾಕಿದರು.

1904ರಲ್ಲಿ ಬ್ರಿಟನ್ನಿನ ವೇಲ್ಸ್ ಪ್ರಾಂತ್ಯದಲ್ಲಿ ಹಾಡಿನ ಮೂಲಕವೇ ಹಬ್ಬಿದ ಭಕ್ತಿಯ ಸಂಚಲನವೊಂದು ಎದ್ದಿತು. 1905ರ ಜೂನ್‌ನಲ್ಲಿ ಮುಕ್ತಿ ಮಿಷನ್ನಿನಲ್ಲಿಯೂ ಅಂಥದ್ದು ಸಂಭವಿಸಿತು. ಹುಡುಗಿಯರು ಒಟ್ಟೊಟ್ಟಿಗೆ ಗಟ್ಟಿಯಾಗಿ ಪ್ರಾರ್ಥಿಸಿದರು, ಅತ್ತರು, ಅತ್ತ ಮೇಲೆ ಸಂತೋಷದಿಂದ ಹಾಡಿದರು. ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ 1906ರಲ್ಲಿ ನಡೆದ ಸಭೆಗಳಿಂದ ಪೆಂತೆಕೋಸ್ತ ಪಂಥ ಹುಟ್ಟಿತೆಂಬುದು ಸಾಮಾನ್ಯ ತಿಳಿವಳಿಕೆ. ಅದಕ್ಕಿಂತ ಒಂದು ವರ್ಷ ಮೊದಲೇ ಕೇಡಗಾಂವ್‌ನಲ್ಲಿ ಇದು ನಡೆದಿತ್ತೆಂದು ಇತಿಹಾಸಕಾರರು ಈಗ ಗುರುತಿಸುತ್ತಾರೆ.

ಈ ಗದ್ದಲ ಕೆಲವು ಯುರೋಪಿಯನ್ನರಿಗೆ ಸಭ್ಯತೆಯ ಮೇರೆ ಮೀರಿದ್ದಾಗಿ ಕಂಡಿತು. ರಮಾಬಾಯಿ ತಡೆಯಲಿಲ್ಲ. ಭಾರತೀಯರಿಗೆ ಬರುವ ಜಾಗೃತಿ ಅವರ ಸ್ವಭಾವಕ್ಕೆ, ಭಾವನೆಗಳಿಗೆ ಹೊಂದುವ ರೀತಿಯಲ್ಲಿಯೇ ಬರಲಿ ಎಂಬುದು ಅವರ ನಿಲುವಾಗಿತ್ತು. ಹಸಿವು, ವೈಧವ್ಯ, ಅನಾಥತನಗಳನ್ನು ದಾಟಿ ಬಂದ ಹೆಣ್ಣುಮಕ್ಕಳು ಬಾಯ್ತೆರೆದು ಹಾಡುವಾಗ ಅದನ್ನು ಅಳೆಯಲು ಪರದೇಶದ ಗಾಂಭೀರ್ಯದ ಮೊಳಕೋಲು ಸಾಲದೆಂದು ಆಕೆ ಬಲ್ಲರು. ಆ ಹುಡುಗಿಯರು ಇರಲಿ, ಸ್ವತಃ ಆಕೆಯೇ ಬರಗಾಲದಿಂದ ಉಳಿದು ಬಂದವರು. ಓದು ಕಡಿಮೆಯಿದ್ದ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ ಬೈಬಲನ್ನು ಅನುವಾದಿಸುವ ಕೆಲಸದಲ್ಲಿಯೇ ಅವರ ಕಡೆಯ ವರ್ಷಗಳು ಕಳೆದವು. 1922ರಲ್ಲಿ ತೀರಿಕೊಂಡರು.

ಅಳತೆ ಯಾವುದು?

ಇಂದು ಪೆಂತೆಕೋಸ್ತ ಸಭೆಗಳಲ್ಲಿ, 1967ರಲ್ಲಿ ಅಮೆರಿಕದಲ್ಲಿ ಶುರುವಾದ ಕಥೋಲಿಕ ವರದಾನ ಚಳವಳಿಯ ಕೂಟಗಳಲ್ಲಿ ಹರ್ಷದ ಆರಾಧನೆ ಎಂದರೆ ಕೀಬೋರ್ಡ್, ಡ್ರಮ್, ಚಪ್ಪಾಳೆ, ಎತ್ತಿದ ಕೈಗಳು. ಸಾವಧಾನದ ಹಳೆಯ ಗೀತೆಗಳಿಗೆ ಒಗ್ಗಿದ ಹಿರಿಯರಿಗೆ ಇದು ಸಿನಿಮಾ ಹಾಡಿನಂತೆ ಕೇಳುತ್ತದೆ. ಹಿರಿಯರ ಗೀತೆಗಳು ಕಿರಿಯರಿಗೆ ನಿದ್ದೆ ತರಿಸುತ್ತವೆ. ಇದರಲ್ಲಿ ನಮ್ಮದು ಯಾವುದು, ಹೊರಗಿನದು ಯಾವುದು ಎಂದು ಗೆರೆ ಎಳೆಯುವುದೂ ಸುಲಭವಲ್ಲ. ಭಜನಾ ಮಂದಿರಗಳಲ್ಲಿ ಈಗ ನಮ್ಮದೇ ಆಗಿರುವ ಹಾರ್ಮೋನಿಯಂ 1840ರ ದಶಕದ ಪ್ಯಾರಿಸ್ಸಿನಲ್ಲಿ ಹುಟ್ಟಿದ ವಾದ್ಯ. ಕಲ್ಕತ್ತೆಯ ಕುಶಲಕರ್ಮಿಗಳು ಅದನ್ನು ನೆಲದ ಮೇಲೆ ಕೂತು ಕೈಯಿಂದ ಗಾಳಿ ಹಾಕುವಂತೆ ಮಾರ್ಪಡಿಸಿದ ಮೇಲೆ ಅದರ ಹುಟ್ಟೂರು ಯಾರ ನೆನಪಿನಲ್ಲಿಯೂ ಉಳಿಯಲಿಲ್ಲ. ಬಳಸುವವರು ಒಗ್ಗಿಸಿಕೊಂಡರೆ ಹೊರಗಿನದೂ ಒಳಗಿನದಾಗುತ್ತದೆ.

ಆದ್ದರಿಂದ ದನಿಯ ಎತ್ತರ ತಗ್ಗುಗಳಿಂದ ಸ್ತುತಿಯನ್ನು ತೂಗಲಾಗದು. ಕ್ರೈಸ್ತ ಪರಂಪರೆಯೇ ಕೊಟ್ಟಿರುವ ಅಳತೆಗಳು ಬೇರೆ. ಹಾಡುವವನಿಗೆ ತಾನು ಹಾಡುತ್ತಿರುವ ಮಾತು ತನ್ನದೆನಿಸುತ್ತದೆಯೇ? ಸುಗ್ಗಿಯಲ್ಲಿ ಬಂದ ಹಾಡು ಸಾವಿನ ಮನೆಯಲ್ಲಿಯೂ ಬಾಯಿಗೆ ಬರುತ್ತದೆಯೇ? ಹಾಡಿ ಮನೆಗೆ ಹೋದವನ ಕೈ ಪಕ್ಕದ ಮನೆಯ ಹಸಿವಿನ ಕಡೆಗೆ ಚಾಚುತ್ತದೆಯೇ? ರಮಾಬಾಯಿಯವರ ಮುಕ್ತಿಯಲ್ಲಿ ಹಾಡಿಗಿಂತ ಮೊದಲು ಅನ್ನ ಬೆಂದಿತ್ತು ಎಂಬುದನ್ನು ಮರೆಯಬಾರದು.

ದೇವನೂರಿನ ಕವಿ ತನ್ನ ಸ್ವಾಮಿಯನ್ನು ಕೊಂಡಾಡಲು ಕಟ್ಟಿದ ಕಾವ್ಯವನ್ನು ದೂರದೇಶದ ಪಾದ್ರಿಗಳು ಅಚ್ಚು ಹಾಕಿ, ಅದರ ಲಯದಿಂದ ಪಾಠ ಕಲಿತರು. ಆತ ಯಾರನ್ನು ಸ್ತುತಿಸಿದ, ಅವರು ಯಾರನ್ನು ಸ್ತುತಿಸಲು ಬಯಸಿದರು ಎಂಬ ಭೇದ ಹಾಗೆಯೇ ಉಳಿಯಿತು. ಆದರೆ ಸಂತೋಷದಿಂದ ಹಾಡಬೇಕಾದರೆ ಕನ್ನಡಿಗ ತನ್ನ ಉಸಿರಿನ ಅಳತೆಯಲ್ಲಿಯೇ ಹಾಡಬೇಕು ಎಂಬ ವಿಷಯದಲ್ಲಿ ಕವಿಗೂ ಪಾದ್ರಿಗೂ ಭೇದವಿರಲಿಲ್ಲ.